ಗ್ರಿಪ್ ಇದೆ, ಆಯಸ್ಸು ಇದೆಯೇ?

ಪ್ರಶ್ನೆ: ನಮ್ಮ ಕಾರಿಗೆ ಎಂಟು ವರ್ಷ. ಓಡಿರುವುದು 24,000 ಕಿ.ಮೀ. ಮಾತ್ರ. ನನ್ನ ಕೆಲಸ ವೈಟ್‌ಫೀಲ್ಡಿನಲ್ಲಿ; ಮೆಟ್ರೊ ಬಂದ ಮೇಲೆ ಕಾರು ಮನೆಯ ಕೆಳಗೆ ನಿಂತೇ ಇರುತ್ತದೆ. ಮೇ ರಜೆಯಲ್ಲಿ ಮಕ್ಕಳನ್ನೂ ಅತ್ತೆ-ಮಾವನನ್ನೂ ಕರೆದುಕೊಂಡು ಚೆನ್ನೈಗೆ ಹೋಗಬೇಕೆಂದಿದ್ದೇವೆ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ “ನಾಲ್ಕೂ ಟೈರ್ ಬದಲಾಯಿಸಿಬಿಡಿ ಸಾರ್” ಎಂದರು. ಗ್ರಿಪ್ ನೋಡಿದರೆ ಹೊಸದರ ಹಾಗೇ ಇದೆ. ಸುಮ್ಮನೆ ದುಡ್ಡು ಕೀಳುತ್ತಿದ್ದಾರೆಯೇ? ಬದಲಾಯಿಸಲೇಬೇಕೆಂದರೆ ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳಬಹುದೇ? ಯಾವ ಬಗೆಯ ಟೈರ್ ಒಳ್ಳೆಯದು?
— ಹಲಸೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಮೆಕ್ಯಾನಿಕ್ ಸರಿಯಾದ ಮಾತನ್ನೇ ಹೇಳಿದ್ದಾರೆ. ಗುಜರಿಯ ಟೈರ್ ಬೇಡ. ಎರಡಕ್ಕೂ ಕಾರಣ ಒಂದೇ: ಟೈರಿನ ಆಯಸ್ಸು ಗ್ರಿಪ್ಪಿನಲ್ಲಿ ಕಾಣುವುದಿಲ್ಲ.

ಮನೆಯ ಕುಕ್ಕರ್ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಬಳಸದೆ ಎರಡು-ಮೂರು ವರ್ಷ ಅಟ್ಟದ ಮೇಲೆ ಇಟ್ಟಿದ್ದರೂ ಅದು ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಟೈರೂ ರಬ್ಬರೇ. ಗಾಳಿಯ ಆಮ್ಲಜನಕ, ಓಜೋನ್ ಮತ್ತು ಬಿಸಿಲು ಸೇರಿ ಅದನ್ನು ನಿಧಾನವಾಗಿ ಗಡುಸಾಗಿಸುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿನೊಳಗೆ ಮೇಣದಂಥ ರಕ್ಷಕ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರ್ ಉರುಳುತ್ತಾ ಬಳುಕಿದಾಗ ಅವು ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ಪೊರೆ ಕಟ್ಟುತ್ತವೆ. ನಿಂತೇ ಇರುವ ಕಾರಿನ ಟೈರಿಗೆ ಆ ಬಳುಕಾಟವಿಲ್ಲ. ಹಾಗಾಗಿ ಕಡಿಮೆ ಓಡಿದೆ ಎನ್ನುವುದು ನಿಮ್ಮ ಎಂಜಿನ್ನಿಗೆ ಸಮಾಧಾನದ ಸಂಗತಿ ಇರಬಹುದು, ಟೈರಿಗಂತೂ ಅಲ್ಲ. ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಕೊಂಡಿ ಕೂಡಿದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿಂದೀಚೆಗೆ ಹಲಸೂರು, ಇಂದಿರಾನಗರದ ಕಡೆ ನಿಮ್ಮಂತೆಯೇ ಕಾರು ನಿಲ್ಲಿಸಿ ರೈಲು ಹತ್ತಿದವರೆಲ್ಲ ಇದನ್ನು ಗಮನಿಸಬೇಕು.

ಈಗ ಒಂದು ಟಾರ್ಚ್ ಹಿಡಿದು ಕಾರಿನ ಬಳಿ ಹೋಗಿ. ಟೈರಿನ ಪಕ್ಕೆಯ ಮೇಲೆ DOT ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ; ಆ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3417 ಎಂದಿದ್ದರೆ 2017ನೇ ಇಸವಿಯ 34ನೇ ವಾರ, ಅಂದರೆ ಆಗಸ್ಟ್ ತಿಂಗಳಲ್ಲಿ ಆ ಟೈರ್ ತಯಾರಾಗಿದೆ. ಹೊರಮೈಯಲ್ಲಿ ಅಂಕಿ ಕಾಣದಿದ್ದರೆ ಅದು ಒಳಮೈಯಲ್ಲಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಿ. ಬಳಿಕ ಬೆರಳನ್ನು ಗ್ರಿಪ್ಪಿನ ಗೀರುಗಳ ಬುಡದಲ್ಲೂ ಪಕ್ಕೆಯ ಮೇಲೂ ಆಡಿಸಿ. ಬೇಸಿಗೆಯ ಕೆರೆಯಂಗಳದಂತೆ ಕೂದಲೆಳೆಯ ಬಿರುಕುಗಳು ಕಂಡರೆ ಇನ್ನು ಯೋಚಿಸುವುದೇ ಬೇಡ. ಹಲವು ಕಾರು ಕಂಪನಿಗಳು ಆರು ವರ್ಷಕ್ಕೆ ಟೈರ್ ಬದಲಿಸಲು ಹೇಳುತ್ತವೆ. ಐದು ವರ್ಷ ದಾಟಿದ ಮೇಲೆ ಪ್ರತಿವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಿ, ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷ ಮೀರಿ ಬಳಸಬೇಡಿ ಎಂದು ಟೈರ್ ತಯಾರಕರೇ ಹೇಳುತ್ತಾರೆ. ನಿಮ್ಮದು ಎಂಟು ವರ್ಷ, ಅದರಲ್ಲಿ ಬಹುಕಾಲ ನಿಂತದ್ದು.

ಇಷ್ಟು ದಿನ ಏನೂ ಆಗಲಿಲ್ಲವಲ್ಲ ಎನ್ನಿಸಬಹುದು. ಹಲಸೂರಿನಿಂದ ಟಿನ್ ಫ್ಯಾಕ್ಟರಿಯವರೆಗಿನ ಹಳೇ ಮದ್ರಾಸ್ ರಸ್ತೆಯ ದಟ್ಟಣೆಯಲ್ಲಿ ತೆವಳುವ ಕಾರಿನ ಟೈರು ಕಾಯುವುದೇ ಇಲ್ಲ, ಅದರ ಮುಪ್ಪು ಹೊರಗೆ ಬರುವುದೂ ಇಲ್ಲ. ಕೆ.ಆರ್. ಪುರದ ತೂಗುಸೇತುವೆ ದಾಟಿ, ಹೊಸಕೋಟೆ ಕಳೆದ ಮೇಲೆ ಕತೆ ಬೇರೆ. ಮೇ ತಿಂಗಳ ಕಾದ ರಸ್ತೆ, ಐದಾರು ಜನ, ಡಿಕ್ಕಿ ತುಂಬ ಸಾಮಾನು, ಗಂಟೆಗಟ್ಟಲೆ ಒಂದೇ ವೇಗ. ಎಂಟು ವರ್ಷದ ರಬ್ಬರಿಗೆ ಅದೇ ಮೊದಲ ನಿಜವಾದ ಪರೀಕ್ಷೆ. ಅದನ್ನು ಮನೆಮಂದಿಯನ್ನು ಕೂರಿಸಿಕೊಂಡು ಬರೆಯಬಾರದು.

ಗುಜರಿಯ ವಿಷಯ. ಶಿವಾಜಿನಗರದ ಗುಜರಿ ಅಂಗಡಿಗಳ ಮೇಲೆ ನನಗೆ ಗೌರವವಿದೆ. ಕಂಪನಿಯೇ ಕೈಬಿಟ್ಟ ಹಳೆಯ ಮಾದರಿಯ ಕನ್ನಡಿ, ಬಾಗಿಲ ಹಿಡಿ, ಹೆಡ್‌ಲೈಟು ಅಂಥಲ್ಲಿ ಸಿಕ್ಕೀತು. ಅವು ಕಣ್ಣಿಗೆ ಕಂಡಷ್ಟೇ ಇರುವ ವಸ್ತುಗಳು. ಟೈರ್ ಹಾಗಲ್ಲ. ಯಾವುದೋ ಗುಂಡಿಗೆ ಬಿದ್ದು ಒಳಗಿನ ದಾರದ ಪದರ ತುಂಡಾಗಿದ್ದರೂ ಹೊರಗಿನಿಂದ ತಿಳಿಯದು. ಸವೆದ ಟೈರಿನ ಗೀರುಗಳನ್ನು ಬಿಸಿ ಅಲಗಿನಿಂದ ಮತ್ತೆ ಆಳ ಮಾಡಿ, ಕಪ್ಪು ಪಾಲಿಶ್ ಹಚ್ಚಿ ಮಾರುವುದೂ ಉಂಟು. ಹಾಗೆ ಕೊರೆದಾಗ ಹೋಗುವುದು ಉಕ್ಕಿನ ಪಟ್ಟಿಯನ್ನು ಮುಚ್ಚಿದ್ದ ಕೊನೆಯ ರಬ್ಬರು. ಲಾರಿಯ ಕೆಲವು ಟೈರುಗಳನ್ನು ಮತ್ತೆ ಕೊರೆಯಲೆಂದೇ ದಪ್ಪವಾಗಿ ಮಾಡಿರುತ್ತಾರೆ, ಕಾರಿನದನ್ನಲ್ಲ.

ಇನ್ನು ಬಗೆಗಳು. ಇಂದು ಕಾರಿಗೆ ಸಿಗುವುದೆಲ್ಲ ಹೆಚ್ಚುಕಡಿಮೆ ರೇಡಿಯಲ್. ಇದರಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಅಡ್ಡ ಹಾಯುತ್ತವೆ, ಅವುಗಳ ಮೇಲೆ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ಹಳೆಯ ಬಗೆಯಲ್ಲಿ ದಾರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದಿದ್ದವು. ಅದು ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್, ನಮ್ಮಲ್ಲಿಯೂ ಈಗ ಮಾಮೂಲಾಗಿದೆ. ಟ್ಯೂಬ್‌ಲೆಸ್‌ನಲ್ಲಿ ಟ್ಯೂಬಿನ ಬದಲು ಒಳಮೈಗೇ ಗಾಳಿ ಹಿಡಿದಿಡುವ ಪದರವಿರುತ್ತದೆ. ಮೊಳೆ ಹೊಕ್ಕರೂ ಗಾಳಿ ಒಮ್ಮೆಗೇ ಹೋಗದೆ ಮೆಲ್ಲಗೆ ಸೋರುವುದರಿಂದ ಕಾರು ಅಡ್ಡಾದಿಡ್ಡಿ ಎಳೆಯದು. ಮೊಳೆಗಳ ಕಾಟ ಈ ಭಾಗದವರಿಗೆ ಹೊಸದಲ್ಲ. ಬೆನೆಡಿಕ್ಟ್ ಜೆಬಕುಮಾರ್ ಎಂಬ ಎಂಜಿನಿಯರ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಯಸ್ಕಾಂತ ಹಿಡಿದು ಹೊರವರ್ತುಲ ರಸ್ತೆಯಿಂದ ಹತ್ತಾರು ಕಿಲೋ ಮೊಳೆ ಹೆಕ್ಕಿದ್ದು ಊರಿಗೆಲ್ಲ ಸುದ್ದಿಯಾಗಿತ್ತು.

ಅಂಗಡಿಗೆ ಹೋಗುವ ಮುನ್ನ ಪಕ್ಕೆಯ ಮೇಲಿನ ದೊಡ್ಡ ಅಂಕಿಗಳನ್ನು ಬರೆದುಕೊಳ್ಳಿ. 185/65 ಆರ್15 88ಎಚ್ ಎಂದಿದೆ ಎನ್ನೋಣ. ಅಗಲ 185 ಮಿ.ಮೀ.; ಪಕ್ಕೆಯ ಎತ್ತರ ಅದರ 65%, ಅಂದರೆ ಸುಮಾರು 120 ಮಿ.ಮೀ.; ರೇಡಿಯಲ್; ರಿಮ್ 15 ಇಂಚು. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಕಾವನ್ನು ತಾಳಬಲ್ಲದು. ಅಳತೆ ಕಾರು ಕಂಪನಿ ಹೇಳಿದ್ದೇ ಇರಲಿ. ಕೊನೆಯ ಅಂಕಿ-ಅಕ್ಷರ ಅದಕ್ಕಿಂತ ಕೆಳಗಿಳಿಯದಿರಲಿ. ಐಎಸ್‌ಐ ಗುರುತು ಇರಲೇಬೇಕು. ಅಂಗಡಿಯವರು ತೋರಿಸುವ ಹೊಸ ಟೈರಿನಲ್ಲೂ ವಾರ-ಇಸವಿ ಓದಿ, ಆರೇಳು ತಿಂಗಳ ಒಳಗಿನದನ್ನೇ ಕೇಳಿ. ಪಕ್ಕೆಯ ಮೇಲೆ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಅದು ತೋರಬೇಕು. ಎಸ್‌ಯುವಿಗೆಂದು ಮಾರುವ ದೊಡ್ಡ ಗಂಟಿನ ಟೈರು ಮಣ್ಣುದಾರಿಗೆ ಸರಿ. ಡಾಂಬರಿನ ಮೇಲೆ ಅದು ಸದ್ದು ಮಾಡುತ್ತದೆ. ಒಮ್ಮೆಗೇ ನಾಲ್ಕು ಕೊಳ್ಳುವುದು ಕಷ್ಟವಾಗಿ ಎರಡು ಮಾತ್ರ ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಬಲು ಕಷ್ಟ. ಆದರೆ ಎಂಟು ವರ್ಷದ ಉಳಿದೆರಡರ ಮೇಲೆ ಚೆನ್ನೈಗೆ ಹೊರಡಬೇಡಿ.

ಹಾಕಿಸಿದ ಮೇಲಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಗಾಳಿಯದೇ. ಸರಿಯಾದ ಗಾಳಿ ಎಷ್ಟೆಂಬುದು ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನ ಮೇಲಿದೆ. ಕಾರು ತುಂಬಿದಾಗ ಎಷ್ಟಿರಬೇಕೆಂದೂ ಅಲ್ಲೇ ಇರುತ್ತದೆ. ಟೈರಿನ ಮೇಲಿರುವುದು ಅದು ತಡೆಯುವ ಗರಿಷ್ಠ, ಅದನ್ನು ಹೊಡೆಸಬೇಡಿ. ಬೆಳಿಗ್ಗೆ, ಕಾರು ತಣ್ಣಗಿರುವಾಗ ನೋಡಿಸಿ.

ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆ, ಗಾಳಿ ಕಡಿಮೆ ಹೊಡೆಸಿ ಎಂದು ಎಷ್ಟೋ ಜನ ಪ್ರೀತಿಯಿಂದಲೇ ಹೇಳುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಗಾಳಿ ಕಡಿಮೆಯಿದ್ದಾಗ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಕಾದ ಪದರಗಳು ಬಿಟ್ಟುಕೊಳ್ಳುತ್ತವೆ. ಹೆದ್ದಾರಿಯಲ್ಲಿ ಸಿಡಿಯುವ ಟೈರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಟೈರ್ ಕಾದಾಗ ಸುಮಾರು 6 ಡಿಗ್ರಿಗೆ 1 ಪಿಎಸ್‌ಐ ಏರುವುದು ಸಹಜ; ಅದನ್ನು ಲೆಕ್ಕಹಾಕಿಯೇ ಟೈರ್ ಮಾಡಿರುತ್ತಾರೆ. ದಾರಿಯಲ್ಲಿ ನಿಲ್ಲಿಸಿ ಗಾಳಿ ಬಿಡಬೇಡಿ.

ಇನ್ನೊಂದು ಸಂಗತಿ ನಿಮ್ಮ ದಾರಿಗೇ ಸೇರಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಚೆನ್ನೈ ಕಡಲಂಚಿನಲ್ಲಿದೆ. ಅಲ್ಲಿ ಹೊರಗಿನ ವಾತಾವರಣದ ಒತ್ತಡ ಹೆಚ್ಚಿರುವುದರಿಂದ ಅದೇ ಟೈರು ಮೀಟರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಅಲ್ಲಿನ ಸೆಕೆ ಅದರಲ್ಲಿ ಬಹುಪಾಲನ್ನು ತುಂಬಿಕೊಡುತ್ತದೆ. ವಾಪಸು ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿಸಿದರೆ ಸಾಕು. ನೈಟ್ರೋಜನ್ ಬೇಕೇ ಎಂದೂ ಹಲವರು ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ಹಾಕಿಸಿದರೆ ತೊಂದರೆಯಿಲ್ಲ, ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸುವುದು ಮಾತ್ರ ತಪ್ಪದು.

ಗ್ರಿಪ್ಪಿನ ಗೀರುಗಳ ನಡುವೆ ಸಣ್ಣ ಕಟ್ಟೆಯಂಥ ಉಬ್ಬುಗಳಿವೆ. ರಬ್ಬರು ಸವೆದು ಆ ಕಟ್ಟೆಗೆ ಸಮವಾದರೆ ಉಳಿದಿರುವ ಆಳ 1.6 ಮಿ.ಮೀ.; ನಿಯಮದ ಪ್ರಕಾರ ಅದೇ ಕೊನೆಯ ಗೆರೆ. ನಮ್ಮ ಮಳೆಗೆ ಅಷ್ಟು ಕಾಯುವುದು ಸರಿಯಲ್ಲ. ನೀರನ್ನು ಪಕ್ಕಕ್ಕೆ ತಳ್ಳುವುದು ಆ ಗೀರುಗಳೇ, 3 ಮಿ.ಮೀ.ಗೆ ಬಂದಾಗ, ಜೂನ್ ಮಳೆಗೆ ಮುಂಚೆಯೇ ಬದಲಿಸಿ. ದೊಡ್ಡ ಗುಂಡಿಗೆ ಇಳಿದ ಮಾರನೆಯ ದಿನ ಪಕ್ಕೆ ನೋಡಿ. ನಿಂಬೆಹಣ್ಣಿನಷ್ಟು ಉಬ್ಬಿದ್ದರೆ ಒಳಗೆ ದಾರ ತುಂಡಾಗಿದೆ, ಆ ಟೈರ್ ಮುಗಿಯಿತು. ಪಂಕ್ಚರ್ ಅಂಗಡಿಯವರು ಸೋಪಿನ ನೀರು ಸವರಿ ನೊರೆ ಎಲ್ಲಿ ಏಳುತ್ತದೆಂದು ತೋರಿಸುವಾಗ ಜೊತೆಯಲ್ಲೇ ನಿಂತು ನೋಡಿ. ತೂತು ಗ್ರಿಪ್ಪಿನ ನಡುವೆ ಇದ್ದರೆ ಹೊರಗಿನಿಂದ ಹುರಿ ತುರುಕುವುದು ಊರು ಮುಟ್ಟಲು ಸಾಕು. ಆಮೇಲೆ ಟೈರ್ ಬಿಚ್ಚಿ ಒಳಗಿನಿಂದ ಮಷ್ರೂಮ್ ಪ್ಯಾಚ್ ಹಾಕಿಸಿ. ಪಕ್ಕೆಯ ತೂತಿಗೆ ಯಾವ ಪ್ಯಾಚೂ ಸಲ್ಲದು.

ಕೊನೆಗೆ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿಯನ್ನು ನೋಡಿ. ಒಂದು ದಿನವೂ ರಸ್ತೆ ಮುಟ್ಟದ ಅದರ ಗ್ರಿಪ್ಪು ಇವತ್ತಿಗೂ ಮಿರಿಮಿರಿ ಮಿಂಚುತ್ತಿರಬಹುದು. ಆದರೆ ಅದಕ್ಕೂ ಎಂಟು ವರ್ಷವೇ. ಅದರ ಪಕ್ಕೆಯ ನಾಲ್ಕು ಅಂಕಿಯನ್ನೂ ಓದಿ. ಕೊಳ್ಳಬೇಕಾದದ್ದು ನಾಲ್ಕಲ್ಲ, ಐದು.