ಬಾಗಿಲು ತೆರೆದಿದೆ, ಒಳಗೆ ಹೋಗಬೇಕಾ?

ವಾಕ್ಯಭಾಗ: ಯೆಹೋಶುವ 9:3-16, ಲೂಕ 14:28-30, 2 ಕೊರಿಂಥ 2:12-13

ಇವತ್ತಿನ ಪಾಠ ಬಿಸಿನೆಸ್ ಮಾಡ್ತಿರುವವರಿಗೆ, ಮಾಡಬೇಕು ಅಂತ ಆಸೆ ಇರುವವರಿಗೆ. ಪ್ರಾರ್ಥನೆಗೆ ಬರುವ ಯೌವನಸ್ಥರಿಂದ ನಾನು ಪದೇ ಪದೇ ಕೇಳುವ ಮಾತು ಇದು: "ಪಾಸ್ಟರ್, ದೇವರು ಬಾಗಿಲು ತೆರೆದಿದ್ದಾರೆ. ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಬೇಕು, ಪ್ರೇಯರ್ ಮಾಡಿ." ನಾನು ಸಂತೋಷದಿಂದ ಪ್ರಾರ್ಥಿಸುತ್ತೇನೆ. ಅದಕ್ಕೆ ಮುಂಚೆ, "ಅಗ್ರಿಮೆಂಟ್ ಪೂರ್ತಿ ಓದಿದ್ಯೇನಪ್ಪಾ?" ಅಂತ ಕೇಳುತ್ತೇನೆ. ಹೆಚ್ಚಿನ ಸಲ ಉತ್ತರ ಬರೋದಿಲ್ಲ.

1. ಅವರು ತಂದ ರೊಟ್ಟಿ ಸಾಕ್ಷಿಯಲ್ಲ

ಗಿಬ್ಯೋನ್ಯರು ಗಿಲ್ಗಾಲಿನ ಪಾಳೆಯಕ್ಕೆ ಬಂದು, ತಾವು ಬಹು ದೂರ ದೇಶದವರು ಅಂದರು. ಸಾಕ್ಷಿಗೆ ಬೂಷ್ಟು ಹಿಡಿದ ರೊಟ್ಟಿ, ಹರಿದ ಬುದ್ದಲಿ, ಸವೆದ ಕೆರ ತೋರಿಸಿದರು. ಇಸ್ರಾಯೇಲಿನ ಹಿರಿಯರು ಪರೀಕ್ಷೆ ಮಾಡಲೇ ಇಲ್ಲ ಅಂತಲ್ಲ, ಮಾಡಿದರು. ಆದರೆ ಯಾವುದನ್ನು? ಎದುರಿನವರೇ ಕೈಯಲ್ಲಿ ಹಿಡಿದು ತಂದದ್ದನ್ನು ಮಾತ್ರ. ಕರ್ತನನ್ನು ಕೇಳಲಿಲ್ಲ. ಮೂರು ದಿನ ಆದಮೇಲೆ ಇವರು ಪಕ್ಕದ ಊರಿನವರು ಅಂತ ಗೊತ್ತಾಯಿತು. ಅಷ್ಟರಲ್ಲಿ ಪ್ರಮಾಣ ಮಾಡಿ ಆಗಿತ್ತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಇವತ್ತು ಫ್ರಾಂಚೈಸಿ ಮಾರುವವರು ಕೊಡುವ ಎಕ್ಸೆಲ್ ಶೀಟ್, ಅವರೇ ಕರ್ಕೊಂಡು ಹೋಗಿ ತೋರಿಸುವ ರಶ್ ಇರುವ ಅಂಗಡಿ, ಇವೆಲ್ಲ ಅವರು ತಂದ ರೊಟ್ಟಿ. ನೀವು, ಅವರು ತೋರಿಸದ ಅಂಗಡಿಗೆ ಹೋಗಿ. ಮಂಗಳವಾರ ಮಧ್ಯಾಹ್ನ ಒಂದು ಗಂಟೆ, ಶನಿವಾರ ಸಾಯಂಕಾಲ ಒಂದು ಗಂಟೆ ನಿಂತು ಗಿರಾಕಿಗಳನ್ನು ಎಣಿಸಿ. ಮುಚ್ಚಿಹೋದ ಅಂಗಡಿಯವರನ್ನು ಹುಡುಕಿ ಮಾತಾಡಿ. 15 ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಚಾಲ್ತಿಯಲ್ಲಿದೆಯಾ ನೋಡಿ. ಅದಕ್ಕೆ ದುಡ್ಡು ಬೇಕಿಲ್ಲ. ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ: ಮಧ್ಯದಲ್ಲಿ ಬಿಟ್ಟರೆ ಡೆಪಾಸಿಟ್ ವಾಪಸ್ ಬರುತ್ತಾ? ಅದೇ ಏರಿಯಾದಲ್ಲಿ ಇನ್ನೊಬ್ಬರಿಗೂ ಕೊಡ್ತಾರಾ?

2. ಗೋಪುರದ ಲೆಕ್ಕ ಕೂತು ಹಾಕಿ

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸಲಿ ಎಂದು ಕರ್ತನು ಕಲಿಸಿದನು. ಶಿಷ್ಯತ್ವದ ಬೆಲೆ ತಿಳಿಸಲು ಹೇಳಿದ ಮಾತು ಅದು. ಆದರೂ ಲೆಕ್ಕ ಹಾಕುವುದು ವಿವೇಕ ಅನ್ನೋದು ಅದರೊಳಗೇ ಇದೆ. ಒಂದು ಟೀ ಅಂಗಡಿ ಅಂದ್ಕೊಳ್ಳಿ. ಬಾಡಿಗೆ 45,000, ಇಬ್ಬರು ಕೆಲಸದವರಿಗೆ 36,000, ಕರೆಂಟ್ ಮತ್ತಿತರ ಖರ್ಚು 9,000. ತಿಂಗಳಿಗೆ 90,000 ರೂಪಾಯಿ. ಟೀ 20 ರೂಪಾಯಿ. ಹಾಲು, ಸಕ್ಕರೆ, ಕಪ್, ರಾಯಲ್ಟಿ ಕಳೆದು ಕಪ್ಪಿಗೆ 10 ಉಳಿಯಿತು ಅನ್ನಿ. ಬರೀ ನಷ್ಟ ಆಗದೇ ಇರೋಕೆ ತಿಂಗಳಿಗೆ 9,000 ಕಪ್, ಅಂದರೆ ದಿನಕ್ಕೆ 300. ಸಾಲದ ಇಎಂಐ 15,000 ಇದ್ದರೆ 350. ಕೆಲಸ ಬಿಟ್ಟು ಬಂದಿದ್ದೀರಿ, ಮನೆಗೆ 50,000 ಬೇಕು ಅಂದರೆ ದಿನಕ್ಕೆ 500 ಕಪ್ ದಾಟಬೇಕು, ಮಳೆ ಬಂದರೂ, ಭಾನುವಾರ ಆರಾಧನೆ ಇದ್ದರೂ. ಇದು ಅವಿಶ್ವಾಸ ಅಲ್ಲ ಪ್ರಿಯರೇ. ಅಪ್ಪನ ಪಿಎಫ್, ಅಕ್ಕನ ಮದುವೆಗೆ ಇಟ್ಟ ಚಿನ್ನ ಈ ಲೆಕ್ಕದ ಮೇಲೆ ನಿಂತಿರುತ್ತೆ.

3. ತೆರೆದ ಬಾಗಿಲು ಆಜ್ಞೆ ಅಲ್ಲ

ತ್ರೋವದಲ್ಲಿ ಪೌಲನಿಗೆ ಬಾಗಿಲು ತೆರೆದಿತ್ತು, ಕರ್ತನೇ ತೆರೆದದ್ದು. ಆದರೂ ತೀತನು ಸಿಗದೆ ಮನಸ್ಸಿಗೆ ನೆಮ್ಮದಿ ಇಲ್ಲದ್ದರಿಂದ ಪೌಲನು ಮಕೆದೋನ್ಯಕ್ಕೆ ಹೊರಟುಹೋದನು. ಸುವಾರ್ತೆಯ ಬಾಗಿಲಿನ ವಿಷಯವೇ ಹೀಗಿದ್ದರೆ, ವಾಟ್ಸಾಪ್‌ನಲ್ಲಿ ಬಂದ ಆಫರ್ ಬಿಟ್ಟರೆ ದೇವರ ಚಿತ್ತ ತಪ್ಪಿಹೋಯಿತು ಅಂತ ಯಾಕೆ ಹೆದರಬೇಕು?

ನಾವು ಪವಿತ್ರಾತ್ಮನ ವರಗಳನ್ನು ನಂಬುವ ಸಭೆ. ಹಾಗಾಗಿ ಇದನ್ನೂ ಹೇಳಲೇಬೇಕು: ಪ್ರವಾದನೆಯನ್ನು ಹೀನೈಸಬೇಡಿ ಅಂದ ಅಪೊಸ್ತಲನೇ ಎಲ್ಲವನ್ನೂ ಪರೀಕ್ಷಿಸಿ ಎಂದೂ ಕಲಿಸಿದ್ದಾನೆ (1 ಥೆಸಲೋನಿಕ 5:20-21). "ನಿನ್ನ ಕೈಯಲ್ಲಿ ಬಿಸಿನೆಸ್ ಕಾಣ್ತಿದೆ" ಅಂತ ಯಾರಾದರೂ ಹೇಳಿದರೆ, ಅದು ಸಹಿ ಹಾಕೋಕೆ ಅನುಮತಿ ಪತ್ರ ಅಲ್ಲ. ನನ್ನ ಪ್ರಾರ್ಥನೆಯೂ ಅಲ್ಲ. ಸ್ಕೀಮ್ ತಂದವರು ನಮ್ಮ ಸಭೆಯ ಸಹೋದರರೇ ಆದರೂ ಅದೇ ಪ್ರಶ್ನೆಗಳನ್ನು ಕೇಳಿ. ಪ್ರಾಮಾಣಿಕನಾದ ಸಹೋದರ ಬೇಜಾರು ಮಾಡಿಕೊಳ್ಳೋದಿಲ್ಲ.

ಹಾಗಾದರೆ ಬಿಸಿನೆಸ್ಸೇ ಬೇಡವಾ? ಖಂಡಿತ ಬೇಕು. ಜ್ಞಾನೋಕ್ತಿ 31:16ರ ಸ್ತ್ರೀಯನ್ನು ನೋಡಿ. ಹೊಲದ ವಿಷಯ ಮೊದಲು ಯೋಚಿಸುತ್ತಾಳೆ, ಆಮೇಲೆ ಕೊಳ್ಳುತ್ತಾಳೆ, ತನ್ನ ದುಡಿಮೆಯಿಂದ ದ್ರಾಕ್ಷೆ ನೆಡುತ್ತಾಳೆ. ಅವಳಲ್ಲಿ ಧೈರ್ಯವೂ ಇದೆ, ಲೆಕ್ಕವೂ ಇದೆ.

ಈ ವಾರ ಯಾರ ಮುಂದಾದರೂ ಆಫರ್ ಇದ್ದರೆ, ಏಳು ದಿನ ಟೈಮ್ ಕೇಳಿ. ಏಳು ದಿನ ಕೊಡೋಕಾಗಲ್ಲ ಅಂದರೆ, ನಿಮಗೆ ಉತ್ತರ ಸಿಕ್ಕಿದ ಹಾಗೆ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಯೌವನಸ್ಥರ ಕೈಕೆಲಸವನ್ನು ಆಶೀರ್ವದಿಸು. ಅವಸರದಿಂದ ಅವರನ್ನು ಕಾಪಾಡು, ಸ್ವಸ್ಥಚಿತ್ತವನ್ನು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.