ಗೀಚುಗೆರೆಗಳ ಸಾಂತ್ವನ

ಪಾಠಪುಸ್ತಕದ ಅಂಚಿನಲ್ಲಿ ನಾವು ಗೀಚುವ ಬಳ್ಳಿ ಸುರುಳಿಗಳನ್ನು ಹಿರಿಯರು ಚೇಷ್ಟೆಯೆಂದೆಣಿಸುವರು. ದಣಿದ ಮನಸ್ಸಿಗಾದರೋ ಅದೊಂದು ವಿಶ್ರಾಂತಿಯೇ ಸರಿ.

ಲಂಡನ್ ಪಟ್ಟಣದ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ 1923ರಿಂದ ಸುಮಾರು 40 ವರ್ಷ ವೈದ್ಯರಾಗಿದ್ದ ಡೊನಾಲ್ಡ್ ವಿನಿಕಾಟ್ ಎಂಬವರು ತಮ್ಮ ಬಳಿಗೆ ಬಂದ ನೊಂದ ಮಕ್ಕಳೊಡನೆ ಗೀಚುವ ಆಟವನ್ನೇ ಆಡುತ್ತಿದ್ದರು. ಕಣ್ಣು ಮುಚ್ಚಿ ಕಾಗದದ ಮೇಲೊಂದು ಗೆರೆಯನ್ನೆಳೆದು ಮಗುವಿನ ಮುಂದಿಡುವರು. ಮಗುವು ಅದನ್ನು ತನಗೆ ತೋರಿದಂತೆ ಹಾವನ್ನಾಗಿಯೋ ಹಕ್ಕಿಯನ್ನಾಗಿಯೋ ಮಾಡುವುದು. ಅನಂತರ ಗೆರೆಯೆಳೆಯುವ ಸರದಿ ಮಗುವಿನದು, ಪೂರ್ತಿಗೊಳಿಸುವ ಸರದಿ ವೈದ್ಯರದು. ಬಾಯಿಬಿಟ್ಟು ಹೇಳಲಾರದ ಅಂಜಿಕೆಗಳು ಅನೇಕ ವೇಳೆ ಹೀಗೆ ಕಾಗದದ ಮೇಲೆ ಮೂಡಿಬರುತ್ತಿದ್ದುವು.

ನಾವು ವೈದ್ಯರಲ್ಲ. ಆದರೂ ಜ್ವರದಿಂದ ಮಲಗಿದ ತಮ್ಮನ ಬಳಿಯಲ್ಲಿ ಸ್ಲೇಟು ಬಳಪಗಳೊಡನೆ ಕುಳಿತುಕೊಳ್ಳಬಲ್ಲೆವು. ಅವನ ಹಕ್ಕಿಗೆ ಮೂರು ಕಾಲುಗಳಿದ್ದರೂ ತಿದ್ದಬಾರದು (ತಿದ್ದುವುದು ಶಾಲೆಯಲ್ಲಿ ನಮಗಂಟಿದ ಚಾಳಿ!). ಅವನು ನಿದ್ದೆಹೋದರೆ ಸ್ಲೇಟನ್ನು ಒರಸದೆ ದಿಂಬಿನ ಬಳಿಯಲ್ಲಿರಿಸಬೇಕು.