ಗುತ್ತಿಗೆದಾರನನ್ನು ಆರಿಸುವ ಕ್ರಮ

ಮನೆ ಕಟ್ಟಲು ಹೊರಟವರು ನಮ್ಮಲ್ಲಿ ಮೊದಲು ವಿಚಾರಿಸುವುದು ಚದರಕ್ಕೆ, ಎಂದರೆ ನೂರು ಚದರಡಿಗೆ, ದರವೆಷ್ಟು ಎಂಬುದನ್ನೇ. ಆದರೆ ಒಬ್ಬನ ದರದಲ್ಲಿ ನೀರಿನ ಸಂಪು, ಕಾಂಪೌಂಡು ಗೋಡೆ, ವಿದ್ಯುತ್ ಜೋಡಣೆಗಳೆಲ್ಲವೂ ಅಡಕವಾಗಿದ್ದು, ಮತ್ತೊಬ್ಬನ ದರದಲ್ಲಿ ಅವು ‘ಎಕ್ಸ್‌ಟ್ರಾ’ ಎಂದು ಹೊರಗುಳಿದಿರುವಾಗ, ಆ ಎರಡು ಅಂಕೆಗಳನ್ನು ಹೋಲಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಆದಕಾರಣ, ದರ ಕೇಳುವುದಕ್ಕೆ ಮುನ್ನವೇ, ಕಾಂಕ್ರೀಟು ಎಂ-20 ದರ್ಜೆಯದೋ ಎಂ-25 ದರ್ಜೆಯದೋ, ಗೋಡೆ ಇಟ್ಟಿಗೆಯದೋ ಬ್ಲಾಕಿನದೋ, ಬಾಗಿಲಿಗೆ ಯಾವ ಮರ ಎಂಬಿವೇ ಮೊದಲಾದ ಸಮಸ್ತ ವಿವರಗಳುಳ್ಳ ಪಟ್ಟಿಯೊಂದನ್ನು ಎಂಜಿನಿಯರರಿಂದ ಬರೆಯಿಸಿ, ಮೂರು ನಾಲ್ಕು ಮಂದಿ ಗುತ್ತಿಗೆದಾರರಿಗೆ ಕೊಟ್ಟು, ಅದೇ ಕ್ರಮದಲ್ಲಿ ದರ ತುಂಬಿಸಿಕೊಳ್ಳತಕ್ಕದ್ದು.

ತರುವಾಯ ಅವರ ಕೆಲಸವನ್ನು ಕಣ್ಣಾರೆ ಕಾಣಬೇಕು. ಹೊಸ ಬಣ್ಣದ ಮನೆಗಿಂತ ಎರಡು ಮೂರು ಮಳೆಗಾಲಗಳನ್ನು ಕಂಡ ಮನೆಯೇ ಹೆಚ್ಚಿನ ಸಾಕ್ಷಿ: ತಾರಸಿಯ ಕೆಳಮೈಯಲ್ಲಿ ತೇವದ ಕಲೆ, ಕಿಟಕಿಯ ಮೂಲೆಗಳಲ್ಲಿ ಬಿರುಕು, ಬಚ್ಚಲಿನ ಹೊರಗೋಡೆಯಲ್ಲಿ ಪಾಚಿ ಇವೆಯೇ ಎಂದು ನೋಡಿ, ಸೋರಿಕೆಯೆಂದು ಹೇಳಿಕಳುಹಿಸಿದಾಗ ಆತನು ಬಂದನೇ ಎಂಬುದನ್ನು ಮನೆಯವರಿಂದಲೇ ತಿಳಿಯಿರಿ. ನಡೆಯುತ್ತಿರುವ ಕೆಲಸದಲ್ಲಾದರೋ ಕ್ಯೂರಿಂಗನ್ನೇ ವಿಶೇಷವಾಗಿ ಗಮನಿಸಬೇಕು. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಾದರೆ 10 ದಿನ, ಒದ್ದೆಯಾಗಿ ಇರಿಸಬೇಕೆಂದು ಐಎಸ್ 456 ಸಂಹಿತೆ ವಿಧಿಸುತ್ತದೆ; ಅಗ್ಗದ ದರಕ್ಕೆ ಒಪ್ಪಿಕೊಂಡವನು ನೀರಿನಲ್ಲಿಯೂ ನೀರು ಹಾಕುವ ಕೂಲಿಯಲ್ಲಿಯೂ ಉಳಿತಾಯ ಮಾಡಿದನಾದರೆ, ಆ ಲೋಪವು ಗಾರೆಯ ಹಿಂದೆ ಮರೆಯಾಗಿ, ವರ್ಷಗಳ ಮೇಲೆ ಮನೆಯವರ ಪಾಲಿಗೆ ಬರುತ್ತದೆ.

ಇನ್ನು ತೂಗಿನೋಡುವ ಬಗೆ. ಕೇಂದ್ರ ಹಣಕಾಸು ಸಚಿವಾಲಯವು 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳು, ಗುಣವೇ ಪ್ರಧಾನವೆಂದು ಘೋಷಿತವಾದ ಸರ್ಕಾರಿ ಕಾಮಗಾರಿಗಳಲ್ಲಿ, ಬೆಲೆಯ ಹೊರತಾದ ಅಂಶಗಳಿಗೆ ನೂರರಲ್ಲಿ 30ರವರೆಗೆ ತೂಕ ಕೊಡಲು ಅವಕಾಶವಿತ್ತಿವೆ. ಈ ಕ್ರಮವನ್ನು ಗೃಹಸ್ಥರೂ ಅನುಸರಿಸಬಹುದು. 30 ಲಕ್ಷ ಕೇಳಿದವನಿಗೆ ಗುಣದಲ್ಲಿ ನೂರಕ್ಕೆ 50, 33 ಲಕ್ಷ ಕೇಳಿದವನಿಗೆ 85 ಅಂಕಗಳನ್ನು ನೀವು ಕೊಟ್ಟಿದ್ದೀರೆನ್ನಿ. ಬೆಲೆಗೆ ಮೊದಲನೆಯವನು ಪೂರ್ಣ 70 ಪಡೆದರೆ, ಎರಡನೆಯವನು 30ನ್ನು 33ರಿಂದ ಭಾಗಿಸಿ 70ರಿಂದ ಗುಣಿಸಿದಾಗ ದೊರೆಯುವ 63.6 ಪಡೆಯುತ್ತಾನೆ, ಗುಣದ ಪಾಲಾದ 15 ಮತ್ತು 25.5ನ್ನು ಕೂಡಿಸಲು, ಒಟ್ಟು 85ಕ್ಕೆ ಪ್ರತಿಯಾಗಿ 89.1 ಬಂದು, ಹೆಚ್ಚು ಕೇಳಿದವನೇ ಮುಂದಾಗುತ್ತಾನೆ. ಗುಣದ ಅಂಕಗಳನ್ನು ಮಾತ್ರ ದರದ ಲಕೋಟೆ ಒಡೆಯುವ ಮೊದಲೇ ಬರೆದಿಡಬೇಕು. ಬೆಲೆ ಕಂಡ ಮೇಲೆ ಮನಸ್ಸು ನಿಷ್ಪಕ್ಷಪಾತವಾಗಿರುವುದು ಕಷ್ಟ.

ಆರಿಸಿದ ಮೇಲೆ ಕರಾರುಪತ್ರ ಅವಶ್ಯ. ತಳಪಾಯ, ಲಿಂಟಲ್, ಮೋಲ್ಡ್, ಗಾರೆ ಎಂಬ ಒಂದೊಂದು ಹಂತ ಮುಗಿದ ತರುವಾಯವೇ ಹಣ. ಹೆಚ್ಚುವರಿ ಕೆಲಸವೇನಿದ್ದರೂ ದರ ಬರೆದು ಇಬ್ಬರೂ ಸಹಿಮಾಡಿದ ಮೇಲೆಯೇ ಆರಂಭ. ಒಟ್ಟು ಮೊಬಲಗಿನ ನೂರಕ್ಕೆ ಐದು ಪಾಲು ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮಲ್ಲಿಯೇ ಉಳಿದು, ಸೋರಿಕೆ ಇಲ್ಲವೆಂದು ತಾರಸಿ ನೋಡಿದ ದಿನ ಪಾವತಿಯಾಗತಕ್ಕದ್ದು.